ಎರಡು ಸೀಟಿನ ಕಾರಿನಲ್ಲಿ ಐದನೇ ಚಕ್ರ

ಬಾಟಲಿಯಲ್ಲಿದ್ದ ಬಿಳಿ ಅಂಟೆಲ್ಲ ಟೈರಿನ ಪಕ್ಕೆಯಿಂದ ಹಾಲು ಉಕ್ಕಿದ ಹಾಗೆ ಹೊರಗೆ ಬರುತ್ತಿತ್ತು. ಕಂಪ್ರೆಸರ್ ಗರ್‌ ಅನ್ನುತ್ತಲೇ ಇತ್ತು. ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ. ರಸ್ತೆ ಅಂಚಿನ ಕಲ್ಲೊಂದು ಎಡಗಡೆ ಮುಂದಿನ ಟೈರಿನ ಪಕ್ಕೆಯನ್ನು ಹೆಬ್ಬೆರಳಿನ ಉದ್ದಕ್ಕೆ ಸೀಳಿತ್ತು. ಒಳಗಿನ ದಾರಗಳು ಕಾಣುತ್ತಿದ್ದವು.

ಜೊತೆಗೆ ಅಣ್ಣ ಇದ್ದ. ಕೆಳಗಿಳಿದು ಬಗ್ಗಿ ನೋಡಿದ.

"ಇದಕ್ಕೆ ಅಂಟು ನಿಲ್ಲಲ್ಲ ಕಣೋ. ಸ್ಟೆಪ್ನಿ ತೆಗಿ."

"ಸ್ಟೆಪ್ನಿ ಇಲ್ಲಣ್ಣ. ಈ ಕಾರಿಗೆ ಬರಲ್ಲ."

"ಬರಲ್ಲ ಅಂದ್ರೆ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರನ್ನು ಎತ್ತಿಕೊಂಡು ಹೋಗುವ ಗಾಡಿ ಬರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಮೂರು ಗಂಟೆ ಕತ್ತಲಲ್ಲಿ ನಿಂತಿದ್ದೆವು. ಮಾರನೇ ದಿನದಿಂದಲೇ ಈ ಕಾರಿನಲ್ಲಿ ಐದನೇ ಚಕ್ರವನ್ನು ಹೇಗೆ ಒಯ್ಯೋದು ಅಂತ ಹುಡುಕಲು ಶುರು ಮಾಡಿದೆ. ಎಲ್ಲ ಸರಿಹೋಗಲು ಸುಮಾರು ಎರಡು ತಿಂಗಳು ಹಿಡಿಯಿತು. ಇದೇ ಥರದ ಕಾರು ಇಟ್ಟುಕೊಂಡಿರುವವರಿಗೆ ಆ ಎರಡು ತಿಂಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನ್ನ ಕಾರು ಮಜ್ದಾ ಎಂಎಕ್ಸ್-5, ನಾಲ್ಕನೇ ತಲೆಮಾರಿನದು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ತೂಕ ಹೆಚ್ಚುಕಡಿಮೆ ಒಂದು ಟನ್, ಡಿಕ್ಕಿ 130 ಲೀಟರ್. 1989ರಲ್ಲಿ ಬಂದ ಮೊದಲ ತಲೆಮಾರಿನ ಎಂಎಕ್ಸ್-5ರ ಡಿಕ್ಕಿಯಲ್ಲಿ ಒಂದು ತೆಳು ಸ್ಟೆಪ್ನಿ, ಅಂದರೆ ತಾತ್ಕಾಲಿಕವಾಗಿ ಹಾಕಿಕೊಳ್ಳುವ ಸಣ್ಣ ಚಕ್ರ, ಇರುತ್ತಿತ್ತು. ಈಗಿನದರಲ್ಲಿ ಅದಕ್ಕೆ ಜಾಗವನ್ನೇ ಮಾಡಿಲ್ಲ. ಇದು ಒಂದೇ ಕಾರಿನ ಕಥೆಯಲ್ಲ. ಶೆವ್ರೊಲೆ ಕಾರ್ವೆಟ್ 1997ರಲ್ಲೇ ಸ್ಟೆಪ್ನಿ ಬಿಟ್ಟು, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್-ಫ್ಲಾಟ್ ಟೈರಿಗೆ ಹೋಯಿತು. ಚಕ್ರ, ಜಾಕು, ಪಾನಾ ಎಲ್ಲ ಸೇರಿದರೆ ಹದಿನೈದು ಇಪ್ಪತ್ತು ಕಿಲೋ. ಹಗುರ ಕಾರಿನಲ್ಲಿ ಅಷ್ಟು ಉಳಿಸಿದರೂ ಲೆಕ್ಕಕ್ಕೆ ಬರುತ್ತದೆ, ಇಂಧನದ ಪರೀಕ್ಷೆಯಲ್ಲೂ ಅನುಕೂಲ. ಕಾರಣ ಅರ್ಥವಾಗುತ್ತದೆ. ರಸ್ತೆ ಬದಿಯಲ್ಲಿ ನಿಂತವನಿಗೆ ಮಾತ್ರ ಅದರಿಂದ ಏನೂ ಸಿಗಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ನನಗೆ ತುಂಬಾ ಇಷ್ಟವಾದ ವಿಷಯ. 'ಸ್ಟೆಪ್ನಿ' ಅನ್ನುವ ಪದ ಬಂದಿದ್ದೇ ಸ್ಟೆಪ್ನಿ ಇಲ್ಲದ ಕಾರುಗಳಿಂದ. ಮೊದಮೊದಲ ಮೋಟಾರು ಕಾರುಗಳಿಗೆ ಹೆಚ್ಚಿನ ಚಕ್ರ ಕೊಡುತ್ತಿರಲಿಲ್ಲ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನ ಡೇವಿಸ್ ಸಹೋದರರು ಅದಕ್ಕೊಂದು ದಾರಿ ಕಂಡುಹಿಡಿದರು. ಅರಗಳಿಲ್ಲದ ಒಂದು ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರ್ ಆದ ಚಕ್ರವನ್ನು ಬಿಚ್ಚುವುದೇ ಬೇಡ, ಅದರ ಪಕ್ಕಕ್ಕೆ ಈ ಬಳೆಯನ್ನು ಕೊಕ್ಕೆ ಹಾಕಿ ಬಿಗಿದರೆ ಆಯಿತು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಬಿಚ್ಚಿದ ಚಕ್ರವನ್ನು ಎಲ್ಲಿಡೋದು ಅನ್ನುವ ತಲೆನೋವು ಅವರ ಉಪಾಯದಲ್ಲಿ ಇರಲೇ ಇಲ್ಲ. ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಆಮೇಲೆ ಗೊತ್ತಾಯಿತು.

ಕಾರಿನ ಜೊತೆ ಬರುವ ಅಂಟಿನ ಬಾಟಲಿಯನ್ನು ನಾನು ತೆಗಳುತ್ತಿಲ್ಲ. ನೆಲ ಮುಟ್ಟುವ ಭಾಗಕ್ಕೆ ಮೊಳೆ ಚುಚ್ಚಿದರೆ ಅದು ಕೆಲಸ ಮಾಡುತ್ತದೆ. ಪಕ್ಕೆ ಸೀಳಿದರೆ, ರಿಮ್ ಬಗ್ಗಿದರೆ, ಟೈರು ರಿಮ್ಮಿನಿಂದ ಕಳಚಿಕೊಂಡರೆ ಯಾವ ಅಂಟೂ ಗಾಳಿ ಹಿಡಿದು ನಿಲ್ಲಿಸಲ್ಲ. ಬಾಟಲಿಗೆ ಕಡೇ ದಿನಾಂಕ ಇರುತ್ತದೆ, ಅದನ್ನು ನೋಡುವವರು ಕಮ್ಮಿ. ಮೊಳೆಯ ಪಂಕ್ಚರ್‌ಗೆ ನಾನಂತೂ ಈಗ ಅಂಟು ಹಾಕಲ್ಲ. ಅಂಟು ಬಳಿದ ರಬ್ಬರ್ ಬತ್ತಿ ತೂರಿಸುವ ಕಿಟ್ ಇದೆಯಲ್ಲ, ಅದನ್ನೇ ಬಳಸುತ್ತೇನೆ. ಚಕ್ರ ಬಿಚ್ಚಬೇಕಾಗಿಲ್ಲ, ಟೈರಿನೊಳಗೆ ಗಲೀಜೂ ಇಲ್ಲ. ಸ್ಟೆಪ್ನಿ ಬೇಕಾಗಿರುವುದು ಬತ್ತಿಯಿಂದ ಆಗದ ಏಟುಗಳಿಗೆ.

ಇನ್ನು ಯಾವ ಸ್ಟೆಪ್ನಿ?

ರನ್-ಫ್ಲಾಟ್ ಹಾಕಿಸಬಹುದಿತ್ತು. ಅದರ ಪಕ್ಕೆ ಗಡುಸು, ಭಾರವೂ ಜಾಸ್ತಿ. ಈ ಕಾರು ರಸ್ತೆಯನ್ನು ಕೈಗೆ ಮುಟ್ಟಿಸುವ ರೀತಿಗೇ ನಾನು ಮನಸೋತಿದ್ದು, ಅದನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ. ಹಳೆಯ ಪೋರ್ಷೆ 911ಗಳಲ್ಲಿ ಗಾಳಿ ಇಲ್ಲದೆ ಮಡಚಿಕೊಂಡು ಕೂರುವ ಟೈರು ಬರುತ್ತಿತ್ತು, ಬೇಕಾದಾಗ ಕಂಪ್ರೆಸರ್‌ನಿಂದ ಊದಿಕೊಳ್ಳಬೇಕು. ಜಾಣ ಉಪಾಯವೇ. ಆದರೆ ನನ್ನ ಕಾರಿನಲ್ಲಿ ಚಕ್ರ ಕೂರುವ ಹಬ್‌ಗೆ ಹೊಂದುವಂಥದ್ದು ಸಿಗಲಿಲ್ಲ. ಪೂರ್ತಿ ಅಳತೆಯ ಐದನೇ ಚಕ್ರ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದಕ್ಕೆ ಇರುವ ಜಾಗ ಪಕ್ಕದ ಸೀಟು ಒಂದೇ. ಉಳಿದದ್ದು ತೆಳು ಸ್ಟೆಪ್ನಿ.

ತೆಳು ಸ್ಟೆಪ್ನಿ ಯಾವುದೋ ಕಾರಿನದು ತಂದು ಹಾಕುವ ಹಾಗಿಲ್ಲ. ನನ್ನ ಕಾರಿನ ಚಕ್ರಕ್ಕೆ ನಾಲ್ಕು ತೂತು. ಆ ತೂತುಗಳ ಮಧ್ಯ ಸೇರಿಸಿ ಬರೆದ ವೃತ್ತ 100 ಮಿ.ಮೀ. ನಡುವಿನ ದೊಡ್ಡ ತೂತು 54.1 ಮಿ.ಮೀ. ಸ್ಟೆಪ್ನಿಯ ತೂತು ಅದಕ್ಕಿಂತ ಚಿಕ್ಕದಿದ್ದರೆ ಚಕ್ರ ಹಬ್ ಮೇಲೆ ಕೂರುವುದೇ ಇಲ್ಲ. ದೊಡ್ಡದಿದ್ದರೆ ನಡುವೆ ಒಂದು ಬಳೆ ಹಾಕಿ ಸರಿಮಾಡಿಕೊಳ್ಳಬಹುದು. ನಟ್‌ಗಳು ಎಂ12, ಎಳೆಯ ಅಂತರ 1.5. ಕಾರು ಬಿಚ್ಚುವ ಅಂಗಡಿಗೆ ಹೋಗುವಾಗ ನಾನು ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು ಹೋದೆ. "ಕೂರುತ್ತೆ ಬಿಡಿ ಸಾರ್" ಅನ್ನುವ ಮಾತು ಮೂರು ಕಡೆ ಕೇಳಿದೆ. ಅಳೆದು ನೋಡಿದರೆ ಎರಡು ಕಡೆ ಕೂರುತ್ತಿರಲಿಲ್ಲ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ನನ್ನ ಟೈರು 195/50ಆರ್16, ಅಂದರೆ ಪೂರ್ತಿ ವ್ಯಾಸ 601 ಮಿ.ಮೀ. ಮೊದಲ ತಲೆಮಾರಿನ ಕಾರಿನ ಸ್ಟೆಪ್ನಿ ಟಿ115/70ಡಿ14. ತೂತುಗಳೆಲ್ಲ ಹೊಂದುತ್ತವೆ, ಆದರೆ ವ್ಯಾಸ 517 ಮಾತ್ರ. 84 ಮಿ.ಮೀ. ವ್ಯತ್ಯಾಸ ನನಗೆ ಧೈರ್ಯ ಕೊಡಲಿಲ್ಲ, ಕಾಗದದ ಮೇಲೇ ಬಿಟ್ಟೆ. ಕೊನೆಗೆ ಟಿ125/70ಡಿ15 ಒಂದು ಸಿಕ್ಕಿತು. ವ್ಯಾಸ 556. ಇಲ್ಲಿ ಟಿ ಅಂದರೆ ತಾತ್ಕಾಲಿಕ, ಡಿ ಅಂದರೆ ಒಳಗಿನ ದಾರಗಳು ಓರೆಯಾಗಿ ಹಾಸಿರುವ ಹಳೇ ರೀತಿಯ ಟೈರು. ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾಗಿದ್ದು. ಒಂದು ಸಲವೂ ರಸ್ತೆ ಮುಟ್ಟದ ಸ್ಟೆಪ್ನಿಯ ರಬ್ಬರ್ ಕೂಡ ವಯಸ್ಸಾದ ಹಾಗೆ ಬಿರುಕು ಬಿಡುತ್ತದೆ. ನೋಡಲು ಹೊಸದಾಗಿದ್ದ ಒಂದನ್ನು ನಾನು ಬಿಟ್ಟು ಬಂದದ್ದು ಈ ನಾಲ್ಕಂಕಿ ನೋಡಿಯೇ.

ತಂದ ಮೇಲೆ ಡಿಕ್ಕಿಗೆ ಹಾಕುವ ಮೊದಲು ಹಬ್ ಮೇಲೆ ಕೂರಿಸಿ ನೋಡಬೇಕು. ಮುಂದೆ ಒಂದು ಸಲ, ಹಿಂದೆ ಒಂದು ಸಲ. ನಟ್ ಬಿಗಿದು, ಕೈಯಲ್ಲಿ ಚಕ್ರ ತಿರುಗಿಸಿ, ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್‌ಗೂ ರಿಮ್ಮಿಗೂ ಎಷ್ಟು ಸಂದು ಇದೆ ಅಂತ ನೋಡಿದೆ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿದೆ. ಇನ್ನೊಂದು ಸೂಕ್ಷ್ಮ ಇದೆ. ಅಲಾಯ್ ಚಕ್ರದ ನಟ್‌ಗಳ ತಲೆ ಮುಚ್ಚಿರುತ್ತದೆ. ಸ್ಟೆಪ್ನಿಯ ಉಕ್ಕಿನ ತಗಡು ತೆಳು. ಹಾಗಾಗಿ ನಟ್ ಜಾಸ್ತಿ ಒಳಗೆ ಹೋಗುತ್ತದೆ, ಬೋಲ್ಟಿನ ತುದಿ ನಟ್ಟಿನ ತಲೆಗೆ ತಾಗಿ ನಿಂತುಬಿಡಬಹುದು. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಚಕ್ರ ಮಾತ್ರ ಸಡಿಲ. ನನ್ನದರಲ್ಲಿ ಹಾಗಾಗಲಿಲ್ಲ, ಆದರೆ ನಾಲ್ಕೂ ನಟ್ ಬಿಗಿದ ಮೇಲೆ ಚಕ್ರ ಅಲುಗಾಡಿಸಿ ನೋಡಿಯೇ ಒಪ್ಪಿಕೊಂಡೆ.

ಡಿಕ್ಕಿಯ ಬಾಯಿ ಚಿಕ್ಕದು, ಒಳಗೆ ಆಳ ಇದೆ. ಸ್ಟೆಪ್ನಿಯನ್ನು ನೇರ ಇಳಿಸಿದರೆ ಹೋಗಲ್ಲ. ಒಂದು ಅಂಚು ಮೊದಲು ಒಳಗೆ ತೂರಿಸಿ, ಓರೆ ಮಾಡಿ, ಮತ್ತೆ ಮಲಗಿಸಬೇಕು. ಮೊದಲ ಸಲ ಹತ್ತು ನಿಮಿಷ ಹಿಡಿಯಿತು, ಈಗ ಕಣ್ಣು ಮುಚ್ಚಿ ಮಾಡುತ್ತೇನೆ. ಕೆಳಗೆ ದಪ್ಪ ರಬ್ಬರ್ ಹಾಸು, ಮೇಲೆ ಎರಡು ಪಟ್ಟಿ. ಸುಮ್ನೆ ಇಟ್ಟರೆ ಸಾಲದು. ಹನ್ನೊಂದು ಕಿಲೋದ ಉಕ್ಕಿನ ಚಕ್ರ ಜೋರು ಬ್ರೇಕಿಗೆ ಡಿಕ್ಕಿಯಲ್ಲಿ ಓಡಾಡಿದರೆ ಏನಾಗುತ್ತದೆ ಯೋಚಿಸಿ. ಸ್ಟೆಪ್ನಿಯ ಬಟ್ಟಲಿನಂಥ ಹೊಟ್ಟೆಯೊಳಗೆ ಜಾಕು, ಪಾನಾ, ಕೈಗವಸು, ತಲೆಗೆ ಕಟ್ಟುವ ಲೈಟು ಎಲ್ಲ ಕೂತವು. ಅದರ ಮೇಲೆ ಮೆತ್ತನೆಯ ಬಟ್ಟೆ ಚೀಲ ಒಂದು ಹಿಡಿಯುತ್ತದೆ. ಗಟ್ಟಿ ಸೂಟ್‌ಕೇಸ್ ಇನ್ನು ಮುಂದೆ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಸ್ಟೆಪ್ನಿ ಕೊಡದ ಕಾರಿಗೆ ಜಾಕನ್ನೂ ಕೊಡಲ್ಲ, ಪಾನಾ ಕೂಡ ಇಲ್ಲ. ನಾನು ಕತ್ತರಿ ಜಾಕು, 21 ಮಿ.ಮೀ. ಸಾಕೆಟ್, ಉದ್ದ ಕೈಯ ಪಾನಾ ಕೊಂಡೆ. ಕಳ್ಳರ ಭಯಕ್ಕೆ ಹಾಕುವ ಲಾಕ್ ನಟ್ ನಿಮ್ಮ ಕಾರಿನಲ್ಲಿದ್ದರೆ ಅದರ ಕೀಲಿಯೂ ಇದೇ ಚೀಲದಲ್ಲಿರಬೇಕು. ಮನೆಯ ಕಪಾಟಿನಲ್ಲಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ.

ಎಲ್ಲ ಆಯಿತು ಅಂದುಕೊಂಡೆ. ಒಂದು ಭಾನುವಾರ ಅಣ್ಣನನ್ನು ಕರೆದು, ಮುಂದಿನ ಟೈರಿನ ಗಾಳಿ ಪೂರ್ತಿ ಬಿಟ್ಟು, "ಈಗ ಪಂಕ್ಚರ್ ಆಗಿದೆ ಅಂತ ತಿಳ್ಕೋ" ಅಂದೆ. ಅವನು ಫೋನಿನಲ್ಲಿ ಗಡಿಯಾರ ಒತ್ತಿದ.

ಮೊದಲ ಹೆಜ್ಜೆಯಲ್ಲೇ ನಿಂತುಹೋಯಿತು. ಜಾಕು ಕಾರಿನ ಕೆಳಗೆ ಹೋಗಲಿಲ್ಲ. ಗಾಳಿ ಇದ್ದಾಗ ಜಾಕು ಕೂರುವ ಅಂಚು ನೆಲದಿಂದ 15 ಸೆಂ.ಮೀ. ಇತ್ತು, ನಾನು ಅಳೆದಿದ್ದು ಆವಾಗ. ಗಾಳಿ ಹೋದ ಮೇಲೆ 9. ಪೂರ್ತಿ ಮಡಚಿದರೂ ನನ್ನ ಜಾಕು ಹತ್ತೂವರೆ. ಗಾಳಿ ಇದ್ದ ಕಾರಿಗೆ ಅಳತೆ ಮಾಡಿ ಗಾಳಿ ಇಲ್ಲದ ಕಾರಿಗೆ ಜಾಕು ತಂದಿದ್ದೆ. ಪರಿಹಾರ ಸರಳ: ಮೂರು ಸೆಂ.ಮೀ. ದಪ್ಪದ ಮರದ ಹಲಗೆ, ಒಂದು ಕಡೆ ಇಳಿಜಾರು ಕೆತ್ತಿದ್ದು. ಅದನ್ನು ಟೈರಿನ ಮುಂದಿಟ್ಟು ಕಾರನ್ನು ಒಂದಡಿ ಮುಂದೆ ತಂದರೆ ಚಕ್ರ ಹಲಗೆ ಹತ್ತುತ್ತದೆ, ಜಾಕು ಒಳಗೆ ಹೋಗುತ್ತದೆ. ನೆಲ ಮೆತ್ತಗಿದ್ದರೆ ಜಾಕಿನ ಕೆಳಗೆ ಇಡಲು ಇನ್ನೊಂದು ಚಪ್ಪಟೆ ಹಲಗೆ. ಎರಡೂ ಈಗ ಸ್ಟೆಪ್ನಿಯ ಪಕ್ಕದಲ್ಲಿರುತ್ತವೆ.

ಎರಡನೇ ತೊಡಕು, ನಾಲ್ಕೂ ನಟ್ ಬಿಚ್ಚಿದರೂ ಚಕ್ರ ಹಬ್‌ಗೆ ಅಂಟಿಕೊಂಡಿತ್ತು. ಎಳೆದರೆ ಬರಲ್ಲ. ಜಾಕಿನ ಮೇಲಿರುವ ಕಾರಿನ ಚಕ್ರವನ್ನು ಒದೆಯುವುದು ಅಪಾಯ. ಹಾಗಾಗಿ ನಟ್‌ಗಳನ್ನು ಮತ್ತೆ ಕೂರಿಸಿ, ಒಂದೊಂದು ಸುತ್ತು ಸಡಿಲ ಬಿಟ್ಟು, ಕಾರನ್ನು ಕೆಳಗಿಳಿಸಿ ಅದರ ಭಾರವನ್ನೇ ಚಕ್ರದ ಮೇಲೆ ಬಿಟ್ಟೆ. ಟಕ್ ಅಂತ ಬಿಟ್ಟುಕೊಂಡಿತು. ಆಮೇಲೆ ನಾಲ್ಕೂ ಹಬ್‌ಗಳ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಮುಖಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಿದೆ. ಬೋಲ್ಟುಗಳಿಗೆ ಸವರಬಾರದು. ಸವರಿದರೆ ನಟ್ ಬಿಗಿಯುವ ಲೆಕ್ಕ ತಪ್ಪುತ್ತದೆ. ನನ್ನ ಕಾರಿಗೆ 108ರಿಂದ 147 ನ್ಯೂಟನ್ ಮೀಟರ್. ರಸ್ತೆಯಲ್ಲಿ ಪಾನಾದಿಂದ ಬಿಗಿದು, ಮನೆಗೆ ಬಂದು, ಎಷ್ಟು ಬಿಗಿಯಾಗಿದೆ ಅಂತ ತೋರಿಸುವ ಟಾರ್ಕ್ ರೆಂಚ್‌ನಿಂದ ನೋಡಿಕೊಳ್ಳುತ್ತೇನೆ.

ಆ ಭಾನುವಾರದ ದೊಡ್ಡ ಪಾಠ ಅಣ್ಣನ ಬಾಯಿಂದ ಬಂತು. ಸ್ಟೆಪ್ನಿ ಕೂರಿಸಿ ಎದ್ದು ನಿಂತೆ. ಅವನು ಬಿಚ್ಚಿದ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದ: "ಸರಿ, ಇದನ್ನ ಎಲ್ಲಿಡ್ತೀಯ? ಇದನ್ನಿಟ್ರೆ ನಾನೆಲ್ಲಿ ಕೂರಲಿ?"

ಸ್ಟೆಪ್ನಿಯ ಜಾಗ ಖಾಲಿ ಇತ್ತು, ಅಲ್ವಾ. ಆದರೆ ಬಿಚ್ಚಿದ ಚಕ್ರ ಅದಕ್ಕಿಂತ ಅಗಲ, ಎತ್ತರ. ಹೇಗೆ ತಿರುಗಿಸಿದರೂ ಡಿಕ್ಕಿಗೆ ಇಳಿಯಲಿಲ್ಲ. ಒಬ್ಬನೇ ಇದ್ದರೆ ಸುಲಭ: ಚಕ್ರವನ್ನು ದಪ್ಪ ಚೀಲಕ್ಕೆ ಹಾಕಿ ಪಕ್ಕದ ಸೀಟಿನಲ್ಲಿ ನಿಲ್ಲಿಸಿ, ಸೀಟ್ ಬೆಲ್ಟನ್ನು ಅರಗಳ ನಡುವೆ ತೂರಿಸಿ ಹಾಕುವುದು. ಇಬ್ಬರಿದ್ದರೆ? ತೊಡೆ ಮೇಲೆ ಇಟ್ಟುಕೊಳ್ಳುವ ಮಾತೇ ಬೇಡ. ಮುಂದೆ ಏರ್‌ಬ್ಯಾಗ್ ಇದೆ. ಅದು ಚಕ್ರಕ್ಕೆ ಬಡಿದರೆ ಚಕ್ರ ಎದೆಗೆ ಬಡಿಯುತ್ತದೆ.

ಎರಡು ವಾರ ಇದರ ಮೇಲೇ ಕೂತೆ. ಕೊನೆಗೆ ನಿಂತ ವ್ಯವಸ್ಥೆ ಇದು. ಚಕ್ರವನ್ನು ಅರ್ಧ ಡಿಕ್ಕಿಯೊಳಗೆ ಓರೆಯಾಗಿ ಇಳಿಸಿ, ಅಂಚಿಗೆ ಹಳೇ ಕಂಬಳಿ ಮಡಚಿ ಕೊಟ್ಟು, ಡಿಕ್ಕಿಯ ಮುಚ್ಚಳವನ್ನು ಅದರ ಮೇಲೆ ಇಳಿಬಿಟ್ಟು, ಬಿಗಿಯುವ ಪಟ್ಟಿಯಿಂದ ಕೆಳಗಿನ ಎಳೆಯುವ ಕೊಕ್ಕೆಗೆ ಕಟ್ಟುವುದು. ಎಳೆಯುವ ಕೊಕ್ಕೆ ಅಂದರೆ ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಗಿಸಿ ಕೂರಿಸುವಂಥದ್ದು. ಈ ಕಾರಿನ ನಂಬರ್ ಪ್ಲೇಟು, ಹಿಂದಿನ ದೀಪಗಳು ಮುಚ್ಚಳದ ಮೇಲಿಲ್ಲ, ಹಾಗಾಗಿ ಅವು ಕಾಣುತ್ತವೆ. ಮೇಲಿನ ಬ್ರೇಕ್ ದೀಪ ಮಾತ್ರ ಆಕಾಶ ನೋಡುತ್ತದೆ. ನಡುವಿನ ಕನ್ನಡಿಯಲ್ಲಿ ಏನೂ ಕಾಣಲ್ಲ, ಪಕ್ಕದ ಎರಡು ಕನ್ನಡಿಗಳೇ ಗತಿ. ಇದು ಹತ್ತಿರದ ಟೈರ್ ಅಂಗಡಿವರೆಗೆ ನಿಧಾನಕ್ಕೆ ಹೋಗುವ ಏರ್ಪಾಡು, ಊರೂರು ಸುತ್ತುವುದಕ್ಕಲ್ಲ. ಕಟ್ಟಿಕೊಂಡು ಇಪ್ಪತ್ತು ನಿಮಿಷ ಓಡಿಸಿ ನೋಡಿದೆ. ಪಟ್ಟಿ ಒಂದು ಸಲ ಮತ್ತೆ ಬಿಗಿಯಬೇಕಾಯಿತು, ಅಷ್ಟೇ.

ಹಿಂದಿನ ಚಕ್ರದ ವಿಷಯ ಬೇರೆ, ಇದನ್ನು ತಪ್ಪಿಸಬೇಡಿ. ನನ್ನ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು, ನಡುವೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅನ್ನುವ ಗೇರ್ ಜೋಡಣೆ ಇದೆ. ಎರಡೂ ಚಕ್ರಗಳ ವೇಗ ಹತ್ತಿರ ಹತ್ತಿರ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಚಿಕ್ಕ ಸ್ಟೆಪ್ನಿ ಪಕ್ಕದ ದೊಡ್ಡ ಚಕ್ರಕ್ಕಿಂತ ಒಂದು ಕಿಲೋಮೀಟರ್‌ಗೆ ಸುಮಾರು 43 ಸುತ್ತು ಜಾಸ್ತಿ ತಿರುಗುತ್ತದೆ. ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿಕ್ಕಾಡುತ್ತದೆ, ಬಿಸಿಯಾಗುತ್ತದೆ. ಹಾಗಾಗಿ ಹಿಂದಿನ ಟೈರು ಹೋದರೆ, ಮೊದಲು ಮುಂದಿನ ಒಂದು ಒಳ್ಳೆಯ ಚಕ್ರ ಬಿಚ್ಚಿ ಅಲ್ಲಿ ಸ್ಟೆಪ್ನಿ ಹಾಕಬೇಕು, ಆ ಒಳ್ಳೆಯ ಚಕ್ರ ಹಿಂದಕ್ಕೆ. ಎರಡು ಸಲ ಜಾಕು. ಹಿಂಭಾಗ ಎತ್ತುವಾಗ ಹ್ಯಾಂಡ್ ಬ್ರೇಕನ್ನು ನಂಬಿ ಕೂರಬೇಡಿ, ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಗೇರಿನಲ್ಲಿ ಬಿಡಿ. ಇದನ್ನೂ ಮನೆ ಮುಂದೆ ಒಮ್ಮೆ ಪೂರ್ತಿ ಮಾಡಿ ನೋಡಿದೆ, ಐವತ್ತು ನಿಮಿಷ.

ಸ್ಟೆಪ್ನಿಯ ಗಾಳಿ 60 ಪಿಎಸ್‌ಐ, ಮಾಮೂಲಿ ಟೈರಿನ ಎರಡರಷ್ಟು. ತಿಂಗಳಿಗೊಮ್ಮೆ ನೋಡುತ್ತೇನೆ. ವೇಗ 80 ಕಿ.ಮೀ. ಮೀರಬಾರದು ಅಂತ ಅದರ ಮೇಲೇ ಬರೆದಿದೆ. ನಾನು 60 ದಾಟಲ್ಲ.

ಎಂಟು ತಿಂಗಳ ನಂತರ ಅದು ಕೆಲಸಕ್ಕೆ ಬಂತು. ಮಳೆ ನಿಂತ ಮೇಲಿನ ಸಂಜೆ, ನೀರು ತುಂಬಿದ ಗುಂಡಿಗೆ ಬಲಗಡೆ ಮುಂದಿನ ಚಕ್ರ ಇಳಿಯಿತು. ರಿಮ್ಮಿನ ಅಂಚು ಬಗ್ಗಿ ಗಾಳಿ ಒಂದೇ ಉಸಿರಿಗೆ ಹೋಯಿತು. ಅವತ್ತೂ ಅಣ್ಣ ಜೊತೆಗಿದ್ದ. ಯಾರೂ ಏನೂ ಹೇಳಲಿಲ್ಲ. ಅವನು ತ್ರಿಕೋನದ ಎಚ್ಚರಿಕೆ ಫಲಕ ಹಿಡಿದು ಹಿಂದಕ್ಕೆ ನಡೆದ, ನಾನು ಹಲಗೆ ತೆಗೆದೆ. ಚಕ್ರ ಹಲಗೆ ಹತ್ತಿತು, ಜಾಕು ಒಳಗೆ ಹೋಯಿತು, ಹಬ್ ಮೇಲಿನ ಚಕ್ರ ಎರಡೇ ಎಳೆತಕ್ಕೆ ಕೈಗೆ ಬಂತು. ಸ್ಟೆಪ್ನಿ ಕೂರಿಸಿ ಹೊರಟಾಗ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ದೀಪ ಉರಿಯುತ್ತಿತ್ತು, ಸ್ಟೀರಿಂಗ್ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಬ್ರೇಕ್ ಹಿಡಿದಾಗ ಆ ಎಳೆತ ಜಾಸ್ತಿ, ಆದ್ದರಿಂದ ಮುಂದಿನ ಗಾಡಿಯಿಂದ ದೂರ ಬಿಟ್ಟುಕೊಂಡು ಹೋದೆ.

ಟೈರ್ ಅಂಗಡಿ ಹನ್ನೆರಡು ಕಿಲೋಮೀಟರ್ ದೂರ ಇತ್ತು. ಬಟ್ಟೆ ಚೀಲ ಅಣ್ಣನ ಕಾಲ ಹತ್ತಿರ, ಬಗ್ಗಿದ ಚಕ್ರ ಕಂಬಳಿ ಹೊದ್ದು ನಮ್ಮ ಬೆನ್ನ ಹಿಂದೆ. ಅಂಗಡಿ ಮುಂದೆ ಇಳಿದಾಗ ಅಣ್ಣ ಫೋನ್ ತೆಗೆದು ತೋರಿಸಿದ. ನಿಂತಲ್ಲಿಂದ ಹೊರಡುವವರೆಗೆ ಮೂವತ್ತನಾಲ್ಕು ನಿಮಿಷ. ಅವನು ಸದ್ದಿಲ್ಲದೆ ಗಡಿಯಾರ ಒತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ.